ಬಳೇಪೇಟೆಯ ಕುರ್ಚಿಕಾಳಗ

ಜಠರಾಗ್ನಿಯೇ, ಸಕಲ ಜೀವರಾಶಿಯ ಉದರಗುಹೆಯಲ್ಲಿ ದಿನಕ್ಕೆ ಮೂರು ಬಾರಿ ಹೆಡೆಯೆತ್ತಿ ನಿಲ್ಲುವವನೇ, ಚಕ್ರವರ್ತಿಗೂ ಚಪರಾಸಿಗೂ ಭೇದವೆಣಿಸದೆ ಒಂದೇ ಉರಿಯಲ್ಲಿ ಸುಡುವವನೇ, ಮೊದಲ ವಂದನೆ ನಿನಗೆ! ನೀನು ಉರಿಯದಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ನೀನು ಒಂದು ಬಾಳೆಹಣ್ಣಿಗೆ ಆರುವವನಾಗಿದ್ದರೆ ಇದು ಇಷ್ಟು ಉದ್ದ ಬೆಳೆಯುತ್ತಲೂ ಇರಲಿಲ್ಲ.

ಆಹಾ, ಅದೆಂಥ ಕಾಲ! ಕಾಫಿಯು ಹಿತ್ತಾಳೆಯ ಲೋಟವನ್ನು ತೊರೆದು ಗಾಜಿನ ಹೂಜಿಯನ್ನೇರಿ ಮುನ್ನೂರು ರೂಪಾಯಿಯ ಕಿರೀಟ ಧರಿಸಿದ ಕಾಲ. ಇಡ್ಲಿಯು ಹೆಬ್ಬೆರಳ ಗಾತ್ರಕ್ಕೆ ಕುಗ್ಗಿ ಕಡ್ಡಿಯ ತುದಿಯಲ್ಲಿ ಶೂಲಕ್ಕೇರಿದ ಕಾಲ. ತಿಂಡಿಯ ಪಟ್ಟಿಯನ್ನು ಮೊದಲು ಬಲಗಡೆ ಓದಿ, ಎದೆಯನ್ನು ಒತ್ತಿ ಹಿಡಿದುಕೊಂಡು, ಆಮೇಲೆ ಎಡಗಡೆ ಓದುವ ಕಾಲ. ಅಂಥ ಘೋರ ಕಾಲದಲ್ಲಿ, ಬೆಂಗಳೂರೆಂಬ ಮಹಾನಗರದ ತ್ಯಾಗರಾಜನಗರದಲ್ಲಿ, ಅಲ್ಪವ್ಯಯ-ಅನಲ್ಪಭೋಜನ-ವಿಶಾರದನೂ ದರ್ಶಿನೀ-ದಿಗಂತ-ಸಂಚಾರಿಯೂ ದ್ವಿತೀಯ-ಚಟ್ನೀ-ಯಾಚನಾ-ಧೀರನೂ ಆದ ಒಬ್ಬ ವೀರನು ಬಾಳುತ್ತಿದ್ದನು. ಅವನ ಹೆಸರು ಅನಂತಶಯನ. ವಯಸ್ಸು ಅರವತ್ತಾರು.

ಚಾಮರಾಜಪೇಟೆಯ ಅಚ್ಚುಕೂಟವೊಂದರಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿ, ಕೆಂಪು ಶಾಯಿಯ ನದಿಗಳನ್ನೇ ಹರಿಸಿ, ಮಹಾಪ್ರಾಣ ಕಳೆದುಕೊಂಡ ಅಸಂಖ್ಯ ಅಕ್ಷರಗಳಿಗೆ ಮರಳಿ ಜೀವ ಕೊಟ್ಟು ನಿವೃತ್ತನಾದ ಮೇಲೆ, ಆ ಮಹಾತ್ಮನು ತನ್ನ ಉಳಿದ ಆಯುಷ್ಯವನ್ನು ಒಂದೇ ವಿದ್ಯೆಗೆ ಮುಡಿಪಿಟ್ಟಿದ್ದನು: ಈ ಊರಿನಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಎಲ್ಲಿ ಸಿಗುತ್ತದೆ? ಹನುಮಂತನಗರದ ಯಾವ ಗಾಡಿಯಲ್ಲಿ ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕೇಳದೆಯೇ ಬೀಳುತ್ತದೆ, ಮಲ್ಲೇಶ್ವರದ ಯಾವ ಹೋಟೆಲಿನಲ್ಲಿ ಬೈಟು ಕಾಫಿ ಹೇಳಿದರೂ ಎರಡು ಲೋಟ ತುಂಬುತ್ತವೆ, ಯಾವ ಬೇಕರಿಯ ಯಜಮಾನನು ಸಂಜೆ ಆರಕ್ಕೆ ಮನಸ್ಸು ಕರಗಿ ಬನ್ನಿನ ಬೆಲೆ ಇಳಿಸುತ್ತಾನೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿದ್ದವು. ನೆಂಟರು, ನೆರೆಯವರು, ಬಾಡಿಗೆಗೆ ಬಂದ ಹುಡುಗರು ಅವನನ್ನು ಕೇಳಿಯೇ ಮನೆಯಿಂದ ಹೊರಡುತ್ತಿದ್ದರು.

ಆದರೆ ಎಂಥ ವೀರನಿಗೂ ಒಂದು ದೋಷವಿರುತ್ತದಷ್ಟೆ. ತಪ್ಪು ಕಂಡಲ್ಲಿ ಅನಂತಶಯನನ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ಗದಗಿನಲ್ಲಿ ಅವನ ಮಗನ ಮದುವೆಯಾಯಿತು. ಹೆಣ್ಣಿನ ತಂದೆಯು ಪಂಕ್ತಿಯ ಮುಂದೆ ಕೈಮುಗಿದು ನಿಂತು, "ಹೋಳಿಗಿ ಹ್ಯಾಂಗಾಗ್ಯದ್ರಿ ಬೀಗರ?" ಎಂದು ಕೇಳಿದನು. ಅನಂತಶಯನನು ಮುರಿದು, ಬೆಳಕಿಗೆ ಹಿಡಿದು, ಕರಡು ನೋಡಿದಂತೆ ನೋಡಿ, "ಚೆನ್ನಾಗಿದೆ. ಕಣಕ ಮಾತ್ರ ಒಂದು ಚೂರು ದಪ್ಪವಾಯಿತು, ಅಷ್ಟೆ" ಎಂದನು.

ಆ ಮಾತು ನಾಟಿದ್ದು ಸಾಮಾನ್ಯನ ಎದೆಗಲ್ಲ. ಅವನು ಗುರುಶಾಂತಪ್ಪ ಹೊಂಬಳ. ಗದಗಿನ ಅರಳೆ ಪೇಟೆಯಲ್ಲಿ ನಲವತ್ತು ವರ್ಷ ಹರಾಜಿನ ಸವಾಲು ಕೂಗಿದ ಮೇಘಗರ್ಜನ-ಕಂಠೀರವ. ಅವನು ಒಂದು ಸಲ ಬಾಯಿಬಿಟ್ಟರೆ ಅರಳೆ ಮೂಟೆಗಳ ಮೇಲಿನ ಪಾರಿವಾಳಗಳು ಹಾರಿಹೋಗುತ್ತಿದ್ದವಂತೆ. ಅಂಥವನು ಅಂದು ಏನೂ ಮಾತನಾಡಲಿಲ್ಲ. ಬೀಗರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ ಮುಂದಕ್ಕೆ ಹೋದನು. ಅಂದಿನಿಂದ ಎರಡು ಮನೆಗಳ ನಡುವೆ ಫೋನಿನಲ್ಲಿ ಕ್ಷೇಮಸಮಾಚಾರವಿತ್ತು, ನಗುವಿರಲಿಲ್ಲ. ಆ ಮನೆಯ ಮಗಳಾಗಿ ಈ ಮನೆಯ ಸೊಸೆಯಾಗಿ ನಡುವೆ ಸಿಕ್ಕ ಶೈಲಾ ಎರಡೂ ಕಡೆ ನೋಡಿಕೊಂಡು ಮಾತನಾಡುವುದನ್ನು ಕಲಿತಳು.

ಹೀಗಿರಲು, ಗುರುಶಾಂತಪ್ಪನು ಹೆಂಡತಿ ನೀಲವ್ವನೊಡನೆ ಮಗಳ ಮನೆಗೆ ವಾರದ ಮಟ್ಟಿಗೆ ಬಂದನು. ಗುರುವಾರ ಮಗ ಸೊಸೆಯರು ಹಿರಿಯರನ್ನೆಲ್ಲ ಕರೆದುಕೊಂಡು ಮಾಲೊಂದರ ತಾರಸಿಯ ಹೋಟೆಲಿಗೆ ಹೋದರು. ಶನಿವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಆ ಮಾತು ಎದ್ದಿತು.

"ಅಲ್ರೀ ಬೀಗರ," ಎಂದನು ಗುರುಶಾಂತಪ್ಪ, "ಮೊನ್ನಿ ಆ ಮಾಳಿಗಿ ಮ್ಯಾಲಿನ ಹೋಟೆಲ್‌ನ್ಯಾಗ ಕೊಟ್ಟಿದ್ದು ರೊಟ್ಟಿನೋ, ರೊಟ್ಟಿ ಫೋಟೋನೋ? ಆರು ಮಂದಿಗೆ ಐದು ಸಾವಿರ ರೂಪಾಯಿ! ಮನಿಗೆ ಬಂದು ನಾ ಮತ್ತ ಮಸರನ್ನ ಉಂಡೆ."

"ಅದು ಹುಡುಗರ ಆಯ್ಕೆ ಬೀಗರೆ," ಎಂದನು ಅನಂತಶಯನ.

"ಯಾರದರ ಇರ್ಲಿ ಬಿಡ್ರಿ. ನಿಮ್ಮ ಬೆಂಗಳೂರಾಗ ರೊಕ್ಕ ಇಲ್ಲದವ ಹೊಟ್ಟಿ ತುಂಬ ಉಣ್ಣೂ ಹಂಗಿಲ್ಲ. ಕಣಕ ದಪ್ಪ ಇದ್ರೇನು, ತೆಳ್ಳಗಿದ್ರೇನು, ಮೊದಲ ಎಲಿ ಮ್ಯಾಲ ಏನರ ಬೀಳಬೇಕಲ್ಲ?"

ಉಪ್ಪಿಟ್ಟಿನ ಸೌಟು ಶೈಲಾಳ ಕೈಯಲ್ಲಿ ಅರ್ಧಕ್ಕೇ ನಿಂತಿತು. ಅನಂತಶಯನನ ಮಡದಿ ಅಲಮೇಲು ಗಂಡನ ಮುಖ ನೋಡಿದಳು. ಎಂಟು ತಿಂಗಳು ನೆಲದಡಿಯಲ್ಲಿ ಹರಿದ ನೀರು ಒಮ್ಮೆಗೇ ಹಜಾರದ ನಡುವೆ ಚಿಮ್ಮಿತ್ತು. ಆಗ ಆ ವೀರನು ಹೆಗಲ ಟವೆಲನ್ನು ಉತ್ತರೀಯದಂತೆ ಹಿಂದಕ್ಕೆಸೆದು, ಕಪಾಟಿನಿಂದ ಐನೂರರ ಒಂದು ನೋಟನ್ನು ತೆಗೆದು ಮೇಲೆತ್ತಿ ಹಿಡಿದು, ಇಂತೆಂದನು:

"ಬೀಗರೇ, ಕೇಳಿ! ಈ ಊರಿನ ಅನ್ನ ನನ್ನನ್ನು ಅರವತ್ತಾರು ವರ್ಷ ಸಾಕಿದೆ. ಅದರ ಮಾನವೇ ನನ್ನ ಮಾನ. ಇಂದು ಸೂರ್ಯನು ಪಶ್ಚಿಮಕ್ಕೆ ವಾಲುವುದರೊಳಗೆ, ಈ ಒಂದೇ ನೋಟಿನ ಬಲದಿಂದ, ನಾವು ನಾಲ್ವರೂ ಬಾಳೆಲೆಯ ಮುಂದೆ ಕುಳಿತು, ಕೋಸಂಬರಿಯಿಂದ ಮೊದಲ್ಗೊಂಡು ಮೊಸರಿನವರೆಗೆ, ಹೋಳಿಗೆಯ ಸಮೇತವಾಗಿ, ತೇಗು ಬರುವಷ್ಟು ಉಣ್ಣದೆ ಹೋದರೆ, ಇನ್ನು ಈ ಜನ್ಮದಲ್ಲಿ ಊಟದ ವಿಷಯಕ್ಕೆ ನಾನು ತುಟಿ ಬಿಚ್ಚುವವನಲ್ಲ!"

ಆಕಾಶದಿಂದ ಪುಷ್ಪವೃಷ್ಟಿಯಾಗಲಿಲ್ಲ. ಫ್ಯಾನಿನ ಗಾಳಿಗೆ ಕ್ಯಾಲೆಂಡರು ಪಟಪಟಿಸಿತು.

"ರೀ, ಮೊದಲು ಬಿಪಿ ಮಾತ್ರೆ ತಗೊಳ್ಳಿ. ಆಮೇಲೆ ಶಪಥ ಮಾಡೋರಂತೆ," ಎಂದಳು ಅಲಮೇಲು.

ಗುರುಶಾಂತಪ್ಪನೂ ಸುಮ್ಮನೆ ಕುಳಿತುಕೊಳ್ಳುವ ಕುಲದವನಲ್ಲ. ತೊಡೆ ತಟ್ಟಿ ಎದ್ದನು. "ಆತು, ನಡೀರಿ! ಆದ್ರ ನಂದೂ ಒಂದು ಮಾತು ಕೇಳ್ರಿ. ನಿಂತ ಉಣ್ಣೂ ಹೋಟೆಲ್ ಆದ್ರ ನಾ ಒಲ್ಲೆ. ಅರವತ್ತೆಂಟು ವರ್ಷ ಕುಂತ ಉಂಡ ದೇಹ ಇದು. ಕುರ್ಚಿ ಬೇಕು!"

ಹನ್ನೊಂದೂವರೆಗೆ ಸೈನ್ಯ ಹೊರಟಿತು. ರಥವಾಗಿ ನಗರಸಾರಿಗೆಯ ಬಸ್ಸು ಒದಗಿತು. ಸ್ತ್ರೀಯರಿಬ್ಬರಿಗೂ ಸರ್ಕಾರದ ಕೃಪೆಯಿಂದ ದುಡ್ಡಿಲ್ಲದ ಟಿಕೆಟು ದೊರೆಯಿತು. ಬೀಗರಿಬ್ಬರೂ ಬೇರೆ ಬೇರೆ ಕಿಟಕಿಯಿಂದ ಬೇರೆ ಬೇರೆ ದಿಕ್ಕು ನೋಡುತ್ತ ಸಾಗಿದರು.

ಬಳೇಪೇಟೆಯ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಗೂ ಜರಿ ಅಂಗಡಿಗೂ ನಡುವೆ, ಒಬ್ಬರು ಇಳಿದರೆ ಮಾತ್ರ ಇನ್ನೊಬ್ಬರು ಹತ್ತಬಹುದಾದಂಥ ಒಂದು ಮೆಟ್ಟಿಲಿದೆ. ಅದರ ತುದಿಯಲ್ಲಿದೆ ಶ್ರೀ ಚಂಪಕಧಾಮ ಭೋಜನ ಮಂದಿರ. ಕೆಳಗೆ ಬಾಗಿಲಲ್ಲಿ ಕರಿಹಲಗೆ: ಊಟ ನೂರ ಹತ್ತು, ಶನಿವಾರ ಹೋಳಿಗೆ ಸಹಿತ. ಅನಂತಶಯನನು ನೋಟನ್ನು ಗಲ್ಲಾದವನಿಗೆ ಒಪ್ಪಿಸಿ ನಾಲ್ಕು ಟೋಕನ್ನುಗಳನ್ನು ಪಡೆದು, ಬೀಗರ ಕಡೆ ಒಂದು ನೋಟ ಬೀರಿ, ಮೆಟ್ಟಿಲೇರಿದನು.

ಮೇಲೆ ಕಂಡದ್ದು ಊಟದ ಮನೆಯಲ್ಲ, ರಣಭೂಮಿ! ಅರವತ್ತು ಕುರ್ಚಿ, ನೂರಿಪ್ಪತ್ತು ಜನ. ಹಬೆಯು ಧೂಳಿಯಂತೆ ಎದ್ದಿತ್ತು. ಸಾರಿನ ಬಕೆಟ್ಟುಗಳು ರಥಗಳಂತೆ ಧಾವಿಸುತ್ತಿದ್ದವು, "ದಾರಿ, ದಾರಿ, ಬಿಸಿ, ಬಿಸಿ!" ಎಂಬ ರಣಘೋಷ ಮುಗಿಲು ಮುಟ್ಟುತ್ತಿತ್ತು. ಆ ಭೂಮಿಗೆ ಒಂದು ಯುದ್ಧಧರ್ಮವುಂಟು. ಅಲ್ಲಿ ಪಾಳಿಯಿಲ್ಲ, ಚೀಟಿಯಿಲ್ಲ. ಉಣ್ಣುತ್ತಿರುವವನ ಬೆನ್ನ ಹಿಂದೆ ನಿಂತು, ಅವನ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಅವನ ಅನ್ನವನ್ನು ಕಣ್ಣಿನಿಂದಲೇ ಎಣಿಸುತ್ತ ಕಾಯಬೇಕು. ಹುಳಿಯನ್ನದ ಹಂತದವನ ಹಿಂದೆ ನಿಲ್ಲುವವನು ಮೂಢ. ಮಜ್ಜಿಗೆಯ ಹಂತದವನ ಹಿಂದೆ ನಿಲ್ಲುವವನು ಜ್ಞಾನಿ.

"ಇದೇನ್ರೀ ಇದು?" ಎಂದನು ಗುರುಶಾಂತಪ್ಪ. "ಉಣ್ಣವ್ರ ನೆತ್ತಿ ಮ್ಯಾಲ ನಿಂತ್ರ ಅವರಿಗೆ ಅನ್ನ ಇಳೀತದೇನು?"

"ಇಳಿಯುತ್ತದೆ ಬೀಗರೆ. ರೂಢಿಯಾಗಿದೆ," ಎಂದು ಹೇಳಿ ಅನಂತಶಯನನು ಎಲೆಗಳನ್ನು ಓದತೊಡಗಿದನು.

ಅಷ್ಟರಲ್ಲಿ ಸ್ತ್ರೀಸೇನೆ ತನ್ನ ಕಾರ್ಯ ಮುಗಿಸಿಯೇಬಿಟ್ಟಿತ್ತು. ನೀಲವ್ವ ಒಬ್ಬ ಹೆಂಗಸಿನ ಪಕ್ಕ ಬಾಗಿ, "ಯವ್ವಾ, ನಿನ್ನ ಸೀರಿ ಉಟ್ಟಿದ್ದು ನೋಡಿದ್ರ ನಮ್ಮ ಕಡ್ಯಾಕಿ ಕಂಡಂಗ ಕಾಣ್ತಿಯಲ್ಲ?" ಎಂದಳು. ಆಕೆ ನರಗುಂದದವಳಾಗಿದ್ದಳು. ಮೂರು ಮಾತಿನಲ್ಲಿ ಇಬ್ಬರಿಗೂ ಗೊತ್ತಿದ್ದ ಒಬ್ಬ ಡಾಕ್ಟರು ಸಿಕ್ಕರು. ಆಕೆ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಮುಗಿಸಿ, ಪಕ್ಕದಲ್ಲಿದ್ದ ಮಗಳನ್ನೂ ಎಬ್ಬಿಸಿಕೊಂಡು, ಎರಡು ಕುರ್ಚಿ ಬಿಟ್ಟುಕೊಟ್ಟು ಹೋದಳು. ಅಲಮೇಲು ಕುಳಿತು, ಎಲೆಗೆ ನೀರು ಚಿಮುಕಿಸುತ್ತ, ಗಂಡನ ಕಡೆ ಕೈಬೀಸಿದಳು.

ವೀರರಿಬ್ಬರು ಅದೇ ಮೇಜಿನ ಎದುರು ಬದಿಯಲ್ಲಿ ನಿಂತಿದ್ದರು. ಅನಂತಶಯನನು ಆರಿಸಿಕೊಂಡದ್ದು ಬಿಳಿ ಟೋಪಿಯ ಒಬ್ಬ ಕೃಶ ವೃದ್ಧರನ್ನು. ಗುರುಶಾಂತಪ್ಪನ ಮುಂದಿದ್ದದ್ದು ಅವರ ಜೊತೆಗಾರ. ವೃದ್ಧರ ಎಲೆಯಲ್ಲಿ ಮೊಸರನ್ನ ಮುಗಿಯುತ್ತ ಬಂದಿತ್ತು. ಇನ್ನು ನಾಲ್ಕೇ ತುತ್ತು. ಮೂರು. ಎರಡು. ಆಗ ಆ ಪುಣ್ಯಾತ್ಮರು ಕೈಯೆತ್ತಿ ಬಡಿಸುವವನನ್ನು ಕರೆದು, "ಸ್ವಲ್ಪ ಅನ್ನ ಹಾಕಪ್ಪ. ಸಾರು ಬಿಡು. ಇವತ್ತು ಸಾರು ಚೆನ್ನಾಗಿದೆ," ಎಂದರು!

ಕಾಲಚಕ್ರವೇ ಹಿಂದಕ್ಕೆ ತಿರುಗಿತು. ಸಾರಿನ ನಂತರ ಮಜ್ಜಿಗೆಹುಳಿ ಬಂತು. ಮಜ್ಜಿಗೆಹುಳಿಯ ನಂತರ ಮತ್ತೆ ಸಾರು ಬಂತು. ಅನಂತಶಯನನು ಟೋಕನ್ನುಗಳನ್ನು ಮತ್ತೊಮ್ಮೆ ಎಣಿಸಿದನು. ಗುರುಶಾಂತಪ್ಪನು ಗಡಿಯಾರ ನೋಡಿ, "ಹೂಂ," ಎಂದಷ್ಟೇ ಅಂದನು. ಆ "ಹೂಂ" ಈಟಿಯಂತಿತ್ತು.

ಕಡೆಗೂ ವೃದ್ಧರು ಎಲೆ ಮಡಚಿದರು. ಜೊತೆಗಾರನೂ ಎದ್ದನು. ಅನಂತಶಯನನು ಒಂದು ಹೆಜ್ಜೆ ಮುಂದಿಟ್ಟನು. ಅಷ್ಟರಲ್ಲಿ, ಅಯ್ಯೋ, ಎಲ್ಲಿಂದಲೋ ಹಾರಿ ಬಂದ ಒಂದು ಕಪ್ಪು ಹೆಲ್ಮೆಟ್ಟು ಮೊದಲ ಕುರ್ಚಿಯ ಮೇಲೂ ಒಂದು ಬೆನ್ನುಚೀಲ ಎರಡನೆಯ ಕುರ್ಚಿಯ ಮೇಲೂ ಧೊಪ್ಪನೆ ಬಿದ್ದವು. ಕೊರಳಲ್ಲಿ ಆಫೀಸಿನ ಬಿಲ್ಲೆ ತೂಗುಹಾಕಿಕೊಂಡ ಮೂವರು ಯುವಕರು ಗುಂಪನ್ನು ಸೀಳಿಕೊಂಡು ಬಂದರು.

"ತಮ್ಮಾ, ನಾವು ಇಪ್ಪತ್ತು ನಿಮಿಷದಿಂದ ನಿಂತಿದ್ದೇವೆ," ಎಂದನು ಅನಂತಶಯನ.

"ಅಂಕಲ್, ಹೆಲ್ಮೆಟ್ ಇಟ್ಟಾಯ್ತಲ್ಲ," ಎಂದನು ಮುಂದಿದ್ದವನು.

ಕರಡು ತಿದ್ದಿದ ಕಂಠವು ಮೇಲೇರಿತು. "ಶಿರಸ್ಸಿಲ್ಲದ ಶಿರಸ್ತ್ರಾಣಕ್ಕೆ ಆಸನದ ಮೇಲೆ ಏನು ಅಧಿಕಾರ? ಕಾದವನಿಗೆ ಕುರ್ಚಿ ಎಂಬುದು ಈ ಮಂದಿರದ ಅನಾದಿ ನ್ಯಾಯ. ಅದನ್ನು ಮುರಿದು ಉಂಡ ಅನ್ನ ನಿನಗೆ ಅರಗೀತೇ, ಎಲೈ ಯುವಕನೇ?"

ಯುವಕನು ಕಣ್ಣು ಪಿಳುಕಿಸಿದನು. "ಏನಂದ್ರಿ ಅಂಕಲ್? ಅರ್ಥ ಆಗ್ಲಿಲ್ಲ. ನಮಗೆ ಅರ್ಧ ಗಂಟೆ ಲಂಚ್ ಬ್ರೇಕ್ ಅಷ್ಟೆ." ಹಿಂದಿದ್ದವನು ಕಿಸಕ್ಕನೆ ನಕ್ಕು, "ತಾತ ಸಖತ್ ಡೈಲಾಗ್ ಹೊಡೀತಾರೆ ಮಗಾ," ಎಂದನು.

ಸುತ್ತಲಿದ್ದ ನಾಲ್ಕು ಜನರೂ ನಕ್ಕರು. ಅನಂತಶಯನನ ಕೈಯಲ್ಲಿದ್ದ ಟೋಕನ್ನುಗಳು ಬೆವರಿಗೆ ಒದ್ದೆಯಾಗಿದ್ದವು. ಅವನು ಕುರ್ಚಿಯ ಬೆನ್ನಿನಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದನು. ಒಮ್ಮೆಗೇ ಮುದುಕನಂತೆ ಕಂಡನು.

ಇದನ್ನೆಲ್ಲ ಗುರುಶಾಂತಪ್ಪನು ನೋಡುತ್ತಿದ್ದನು. ಓ ಶ್ರೋತೃಗಳೇ, ಆ ಕ್ಷಣದಲ್ಲಿ ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕು. ಶಪಥ ಮುರಿಯುತ್ತಿತ್ತು, ಎಂಟು ತಿಂಗಳ ಮುಳ್ಳು ತಾನಾಗಿ ಕಳಚುತ್ತಿತ್ತು, ವಾರ ಮುಗಿದ ಮೇಲೆ ಗೆದ್ದವನಾಗಿ ಗದಗಿಗೆ ಮರಳಬಹುದಿತ್ತು. ಅವನಿಗೆ ಆ ಆಸೆ ಹುಟ್ಟಲಿಲ್ಲವೆಂದರೆ ಸುಳ್ಳಾಗುತ್ತದೆ. ಹುಟ್ಟಿತು. ಆದರೆ ನಕ್ಕವರು ಬೇರೆಯವರಾಗಿದ್ದರು. ಬೀಗರನ್ನು ನಾವು ಬೈಯಬಹುದು. ಹಾದಿಯಲ್ಲಿ ಹೋಗುವವರು ನಗುವುದೆಂದರೇನು?

"ಏ ತಮ್ಮಾ! ಯಾರಿಗಂದಿ ತಾತಾ ಅಂತ? ನಮ್ಮ ಬೀಗರು ಅವರು!"

ಮಾತು ಅಲ್ಲಿಗೆ ನಿಲ್ಲಲಿಲ್ಲ. ನಲವತ್ತು ವರ್ಷದ ಅಭ್ಯಾಸ ತಾನಾಗಿ ಗಂಟಲಿಗೆ ಬಂದಿತು. ಗುರುಶಾಂತಪ್ಪನು ಎದೆಯುಬ್ಬಿಸಿ, ಬಲಗೈಯನ್ನು ಮೇಲೆತ್ತಿ, ಅರಳೆ ಪೇಟೆಯ ಹೆಬ್ಬಾಗಿಲಲ್ಲಿ ನಿಂತವನಂತೆ ಕೂಗಿದನು:

"ಕುರ್ಚಿ ಎರಡೂ! ನಮ್ಮ ಬೀಗರ ಹೆಸರಿಗೇ! ಮ್ಯಾಲ ಕೇಳವ್ರು ಯಾರರ ಅದೀರೇನೂ? ಒಂದ ಸಲಾ!"

ಸಾರಿನ ಬಕೆಟ್ಟು ನಡುದಾರಿಯಲ್ಲಿ ನಿಂತಿತು.

"ಎರಡ ಸಲಾ!"

ಅಡುಗೆಮನೆಯಿಂದ ಮೂವರು ಹೊರಗೆ ಇಣುಕಿದರು. ಆಚೆ ಮೂಲೆಯ ಮೇಜಿನಲ್ಲಿ ಊಟ ಮುಗಿಸಿ ಹರಟುತ್ತಿದ್ದ ನಾಲ್ವರು, ಯಾರೋ ತಮ್ಮನ್ನೇ ಎಬ್ಬಿಸುತ್ತಿದ್ದಾರೆಂದು ಹೆದರಿ, ಎಲೆ ಮಡಚಿ ಗಡಬಡಿಸಿ ಎದ್ದುಬಿಟ್ಟರು.

ಮೂರನೆಯ ಸಲ ಕೂಗುವ ಅಗತ್ಯ ಬೀಳಲಿಲ್ಲ. ಯುವಕನು ಹೆಲ್ಮೆಟ್ಟನ್ನು ಕಂಕುಳಿಗಿಟ್ಟುಕೊಂಡು, "ಕೂತ್ಕೊಳ್ಳಿ ಅಂಕಲ್, ಕೂತ್ಕೊಳ್ಳಿ. ಅಲ್ಲಿ ನಾಲ್ಕು ಖಾಲಿ ಆಯ್ತು. ಥ್ಯಾಂಕ್ಸ್!" ಎಂದು ನಗುತ್ತ ಆ ಮೂಲೆಗೆ ಓಡಿದನು. ಹೀಗೆ ರಕ್ತಪಾತವಿಲ್ಲದೆ, ಸೋತವರಿಗೇ ಹೆಚ್ಚು ಕುರ್ಚಿ ದೊರೆತು, ಯುದ್ಧ ಮುಗಿಯಿತು.

ಬೀಗರಿಬ್ಬರೂ ಪಕ್ಕಪಕ್ಕದಲ್ಲಿ ಕುಳಿತರು. ಎಲೆ ಬಿದ್ದಿತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಹುರುಳಿಕಾಯಿ ಪಲ್ಯ, ಅಕ್ಷೌಹಿಣಿಯ ತುಕಡಿಗಳಂತೆ ತಮ್ಮ ತಮ್ಮ ಸ್ಥಾನದಲ್ಲಿ ನಿಂತವು. ಅನ್ನದ ಗಿರಿಯ ಮೇಲೆ ಹುಳಿಯ ಧಾರೆ ಇಳಿಯಿತು. ಆಮೇಲೆ ಹೋಳಿಗೆಯ ತಟ್ಟೆ ಬಂದಿತು.

ಹೋಳಿಗೆ ಎಲೆಯ ಮೇಲೆ ಬಿದ್ದಾಗ ಟಪ್ಪೆಂದು ಸದ್ದಾಯಿತು. ಅನಂತಶಯನನಿಗೆ ಅಲ್ಲಿಯೇ ಅನುಮಾನ ಬಂದಿತು. ಮುರಿಯಲು ನೋಡಿದನು, ಅದು ಮುರಿಯದೆ ಜಗ್ಗಿತು. ಒಳಗೆ ಹೂರಣವು ವದಂತಿಯಷ್ಟೇ ಇತ್ತು. ಕಣಕ ಮಾತ್ರ ಸತ್ಯದಂತೆ ಗಟ್ಟಿಯಾಗಿತ್ತು.

"ಏನಪ್ಪ, ಹೋಳಿಗೆ ಹೀಗಿದೆ?" ಎಂದು ಬಡಿಸುವವನನ್ನು ಮೆಲ್ಲಗೆ ಕೇಳಿದನು.

"ಭಟ್ರು ಊರಿಗೆ ಹೋಗಿದಾರೆ ಸಾರ್. ಇವರು ಹೊಸಬ್ರು," ಎಂದು ಅವನು ಮುಂದಕ್ಕೆ ಓಡಿದನು.

ಪಕ್ಕದಲ್ಲಿ ಗುರುಶಾಂತಪ್ಪನು ಬಾಯಾಡಿಸುತ್ತಿದ್ದನು, ಹಸು ಮೆಲುಕು ಹಾಕುವಂತೆ, ನಿಧಾನವಾಗಿ, ಎತ್ತಲೋ ನೋಡುತ್ತ. ಎದುರಿನಲ್ಲಿ ಅಲಮೇಲುವೂ ನೀಲವ್ವನೂ ಕೈ ನಿಲ್ಲಿಸಿ ಕಾಯುತ್ತಿದ್ದರು. "ಚೆನ್ನಾಗಿದೆಯಲ್ಲವೇ ಬೀಗರೆ?" ಎಂದು ಕೇಳಿಬಿಟ್ಟಿದ್ದರೆ ಶಪಥ ಗೆದ್ದಂತೆಯೇ, ಗುರುಶಾಂತಪ್ಪನು ಸಭ್ಯಸ್ಥ, ಹೌದೆನ್ನುತ್ತಿದ್ದನು. ಅನಂತಶಯನನು ನೀರು ಕುಡಿದನು. ಸಮಾಸಗಳ ಆ ಸಾಗರದಲ್ಲಿ ಅಂದು ಅವನಿಗೆ ಒಂದು ಹನಿಯೂ ಸಿಗಲಿಲ್ಲ.

"ಬೀಗರೆ... ಇದರ ಕಣಕ ದಪ್ಪ."

"ಹೂಂ."

"ನಿಮ್ಮನೆ ಮದುವೇಲಿ ಮಾಡಿಸಿದ್ದು ಎಷ್ಟೋ ಚೆನ್ನಾಗಿತ್ತು. ಅವತ್ತು ನಾನು ಹಾಗನ್ನಬಾರದಿತ್ತು. ತಪ್ಪಾಯ್ತು."

ಉತ್ತರಿಸುವ ಸ್ಥಿತಿಯಲ್ಲಿ ಗುರುಶಾಂತಪ್ಪನ ಬಾಯಿ ಇರಲಿಲ್ಲ. ಬಹಳ ಹೊತ್ತು ಅಗಿದು, ನುಂಗಿ, ಎಡಗೈಯಿಂದ ನೀರು ಕುಡಿದು ಹೇಳಿದನು:

"ಖರೇ ಹೇಳಲೇನ್ರಿ ಬೀಗರ? ಅವತ್ತೂ ದಪ್ಪನ ಆಗಿತ್ತ್ರಿ. ನೀವು ಕೈ ತೊಳ್ಯಾಕ ಹ್ವಾದ ಮ್ಯಾಲ ನಾ ಅಡಿಗಿಯವನ್ನ ಹಿಡದು ಬೈದೇನಿ. ಆದ್ರ ಹೆಣ್ಣ ಕೊಟ್ಟವ್ರ ಮನ್ಯಾಗ ಅದನ್ನ ನಾ ಹೇಳಬೇಕಿತ್ತು, ನೀವು ಹೇಳಬಾರದಿತ್ತು. ಅಷ್ಟ."

"ಹೌದು," ಎಂದನು ಅನಂತಶಯನ.

"ಈಗ ಇದನ್ನೇನು ಮಾಡೂದ್ರಿ?"

"ಹಾಲಿನಲ್ಲಿ ನೆನೆಸಿದರೆ ಇಳಿದೀತು."

ಹಾಲು ಕೇಳಿದರು. ಹಾಲಿಲ್ಲ, ಮಜ್ಜಿಗೆ ಇದೆ ಎಂದನು ಬಡಿಸುವವನು. ಹೋಳಿಗೆ ಮಜ್ಜಿಗೆಯಲ್ಲಿ ಈಜುವ ದೃಶ್ಯ ಇಬ್ಬರ ಕಣ್ಣಿಗೂ ಏಕಕಾಲಕ್ಕೆ ಕಟ್ಟಿರಬೇಕು. ಗುರುಶಾಂತಪ್ಪನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಅನಂತಶಯನ ಕೆಮ್ಮುವಷ್ಟು ನಕ್ಕನು. "ಮೆಲ್ಲಗೆ ರೀ, ನೆತ್ತಿಗೆ ಹತ್ತುತ್ತೆ," ಎಂದಳು ಅಲಮೇಲು. ನೀಲವ್ವ ತನ್ನ ಪಾಲಿನ ಹೋಳಿಗೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಳ್ಳುತ್ತ, "ಶೈಲಾಗ ತೋರಸ್ತೀನಿ. ಹಿಂಗೂ ಮಾಡ್ತಾರ ಅಂತ ಗೊತ್ತಾಗಲಿ," ಎಂದಳು.

ಆಮೇಲೆ ಸಾರು ಬಂತು. ಆ ವೃದ್ಧರು ಸುಳ್ಳು ಹೇಳಿರಲಿಲ್ಲ, ಸಾರು ಅಮೃತದಂತಿತ್ತು. ಬೀಗರಿಬ್ಬರೂ ಅದನ್ನು ಎರಡೆರಡು ಬಾರಿ ಹಾಕಿಸಿಕೊಂಡರು. ಬೆನ್ನ ಹಿಂದೆ ಯಾರೋ ಬಂದು ನಿಂತು ಕುರ್ಚಿಗೆ ಕೈಯಿಟ್ಟರೂ ಅವರು ಅವಸರಪಡಲಿಲ್ಲ. ಕಡೆಯಲ್ಲಿ ಗುರುಶಾಂತಪ್ಪನು ತೇಗಿದನು. ನಾಲ್ಕು ಮೇಜಿನವರು ತಿರುಗಿ ನೋಡಿದರು.

ಮರಳುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಬಿಸಿಲಿತ್ತು. ಮುಂದಿನ ಸೀಟಿನಲ್ಲಿ ಹೆಂಗಸರಿಬ್ಬರೂ ತೂಕಡಿಸಿದರು. ಹಿಂದಿನ ಸೀಟಿನಲ್ಲಿ ಬೀಗರು ಒಬ್ಬರಿಗೊಬ್ಬರು ಆನಿಕೊಂಡು ಕುಳಿತಿದ್ದರು. ಅನ್ನದ ಭಾರ ರೆಪ್ಪೆಗಳ ಮೇಲೆ ಇಳಿಯಿತು. ತ್ಯಾಗರಾಜನಗರದ ಸ್ಟಾಪು ಬಂತು, ಹೋಯಿತು. ಬನಶಂಕರಿ ಬಂತು, ಹೋಯಿತು. ಬಸ್ಸು ತಲಘಟ್ಟಪುರದ ಕಡೇ ಸ್ಟಾಪಿನಲ್ಲಿ ನಿಂತು ಎಂಜಿನ್ ಆರಿದಾಗ, ಗುರುಶಾಂತಪ್ಪನ ಜೇಬಿನ ಫೋನು ಹೊಡೆದುಕೊಂಡಿತು.

"ಅಪ್ಪಾ, ಎಲ್ಲಿದ್ದೀರಿ? ಮೂರೂವರೆ ಆತು. ಊಟ ಹ್ಯಾಂಗಾತು? ಮಾವಾರು ಎಲ್ಲ್ಯದಾರ?" ಎಂದಳು ಶೈಲಾ ಒಂದೇ ಉಸಿರಿಗೆ.

ಗುರುಶಾಂತಪ್ಪನು ಹೊರಗೆ ನೋಡಿದನು. ಯಾವೂರೋ ತಿಳಿಯಲಿಲ್ಲ. ಪಕ್ಕಕ್ಕೆ ನೋಡಿದನು. ಅನಂತಶಯನನು ಬಾಯಿ ಅರೆತೆರೆದು, ಕನ್ನಡಕ ಮೂಗಿನ ತುದಿಗೆ ಜಾರಿ, ಬೀಗರ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದನು. ಗುರುಶಾಂತಪ್ಪನ ಅಂಗಿಯ ತೋಳು ಜೊಲ್ಲಿಗೆ ಅಷ್ಟಗಲ ಒದ್ದೆಯಾಗಿತ್ತು.

"ಏ ಯಜಮಾನ್ರೇ, ಲಾಸ್ಟ್ ಸ್ಟಾಪ್! ಇಳೀರಿ, ಇಳೀರಿ!" ಎಂದು ಕಂಡಕ್ಟರು ಮುಂದಿನಿಂದ ಕೂಗಿದನು.

ಗುರುಶಾಂತಪ್ಪನು ಅವನ ಕಡೆ ಕೈ ಅಡ್ಡ ಹಿಡಿದು, ಫೋನಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದನು:

"ಸಾವಕಾಶ ಮಾತಾಡವ್ವಾ. ಬೀಗರು ಮಲಗ್ಯಾರ."